ಜೇಡದ ಬಿಲದಲ್ಲಿ ಬೇಟೆಯಾಡುವ ಕಿರುಚೇಳು
(ಒಂದು ಪ್ರಕೃತಿಪಾಠ)

ಚೇಳೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಕೈ ಮೊದಲು ಹುಡುಕುವುದು ಕಾಲಿನ ಮೆಟ್ಟನ್ನು. ಇದು ತಪ್ಪೆಂದು ಹೇಳಲಾಗದು; ಯಾಕಂದರೆ ನಮ್ಮ ಸೀಮೆಯಲ್ಲಿ ಚೇಳಿನ ಕೊಂಡಿಯ ಉರಿಯನ್ನು ಒಮ್ಮೆಯಾದರೂ ಅರಿಯದ ಮನೆತನವು ವಿರಳ. ಆದರೂ ಭಯವು ಒಂದು, ತಿಳಿವಳಿಕೆಯು ಮತ್ತೊಂದು. ಭಯವುಳ್ಳವರು ಮೆಟ್ಟಿ ಕೊಂದು ಅಷ್ಟಕ್ಕೇ ಸುಮ್ಮನಾಗುವರು. ತಿಳಿವಳಿಕೆಯನ್ನು ಬಯಸುವವರು ಆ ಪ್ರಾಣಿಯು ಎಲ್ಲಿ ವಾಸಿಸುತ್ತದೆ, ಏನನ್ನು ತಿನ್ನುತ್ತದೆ, ಯಾರಿಗೆ ಅಂಜುತ್ತದೆ ಎಂಬುದನ್ನು ವಿಚಾರಿಸುವರು. ಸತ್ಯವೇದದಲ್ಲಿನ ಜ್ಞಾನೋಕ್ತಿಗಳ ಗ್ರಂಥವು ಸೋಮಾರಿಗೆ ಇರುವೆಯನ್ನೇ ಉಪಾಧ್ಯಾಯನನ್ನಾಗಿ ತೋರಿಸುತ್ತದೆ. ಇರುವೆಯು ಉಪಾಧ್ಯಾಯನಾಗಬಹುದಾದರೆ, ಚೇಳು ಸಹ ನಮಗೆ ಒಂದು ಪಾಠವನ್ನು ಹೇಳಿಕೊಡಬಹುದಲ್ಲವೇ?

ಈ ಪಾಠಕ್ಕೆ ಆರಿಸಿಕೊಂಡಿರುವ ಚೇಳು ನಮ್ಮ ದೇಶದ್ದಲ್ಲ. ಆಸ್ಟ್ರೇಲಿಯಾ ಖಂಡದ ಒಣ ನೆಲದ್ದು. ಅದರ ಶಾಸ್ತ್ರೀಯ ನಾಮವು ಐಸೊಮೆಟ್ರಾಯ್ಡೀಸ್ ವೆಸ್ಕಸ್. ಅದು ಮಿಕ್ಕ ಚೇಳುಗಳಂತೆ ಸಿಕ್ಕಿದ ಹುಳುವನ್ನೆಲ್ಲಾ ತಿಂದು ಬದುಕುವುದಿಲ್ಲ. ನೆಲದಲ್ಲಿ ಬಿಲ ತೋಡಿಕೊಂಡು ಬಾಳುವ ಜೇಡಗಳೇ ಅದರ ಆಹಾರ. ಆ ಜೇಡಗಳ ಬಿಲಗಳೇ ಅದರ ಮನೆ. ಇಷ್ಟು ಸಣ್ಣ ಪ್ರಾಣಿಯ ಇಷ್ಟು ವಿಚಿತ್ರವಾದ ಬಾಳುವೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಸಂಕ್ಷೇಪವಾಗಿ ಇಡುವುದೇ ಈ ಲೇಖನದ ಉದ್ದೇಶ.

೧. ಚೇಳಿನ ಕುಲ

ಚೇಳನ್ನು ಹುಳುವೆಂದು ಕರೆಯುವುದು ವಾಡಿಕೆಯಾದರೂ, ಶಾಸ್ತ್ರದ ಪ್ರಕಾರ ಅದು ಕೀಟವಲ್ಲ. ಕೀಟಗಳಿಗೆ ಆರು ಕಾಲುಗಳು. ಚೇಳಿಗೂ ಜೇಡಕ್ಕೂ ಎಂಟೆಂಟು ಕಾಲುಗಳು. ಆದಕಾರಣ ಇವೆರಡೂ ಒಂದೇ ದೊಡ್ಡ ವರ್ಗಕ್ಕೆ ಸೇರಿದ ದಾಯಾದಿಗಳು. ಉಣ್ಣೆ, ನುಸಿ ಮೊದಲಾದವುಗಳೂ ಈ ವರ್ಗದವೇ. ಲೋಕದಲ್ಲಿ ಜೇಡಗಳ ಜಾತಿಗಳು ೫೦,೦೦೦ಕ್ಕೂ ಹೆಚ್ಚು ಎಣಿಕೆಯಾಗಿವೆ. ಚೇಳುಗಳ ಜಾತಿಗಳು ೨,೫೦೦ಕ್ಕೂ ಹೆಚ್ಚು. ಚೇಳಿನ ವಂಶವು ಬಹು ಪುರಾತನವಾದದ್ದು. ನಾಲ್ವತ್ತು ಕೋಟಿ ವರ್ಷಗಳಿಗಿಂತಲೂ ಹಳೆಯದಾದ ಕಲ್ಲುಗಳಲ್ಲಿ ಚೇಳಿನ ಗುರುತುಗಳು ಸಿಕ್ಕಿವೆ. ಹೂ ಬಿಡುವ ಗಿಡವಾಗಲಿ ಹಾಡುವ ಹಕ್ಕಿಯಾಗಲಿ ಹುಟ್ಟುವುದಕ್ಕೆ ಬಹು ಮುಂಚೆಯೇ ಚೇಳು ಈ ಭೂಮಿಯಲ್ಲಿತ್ತು.

ಚೇಳಿನ ಶರೀರದಲ್ಲಿ ಗಮನಿಸತಕ್ಕ ಅಂಗಗಳು ನಾಲ್ಕು. ಮುಂದುಗಡೆಯಲ್ಲಿ ಬೇಟೆಯನ್ನು ಹಿಡಿಯುವ ಎರಡು ಇಕ್ಕುಳಗಳು. ಬಾಯ ಬಳಿ ಮಾಂಸವನ್ನು ಹರಿದು ಅರೆಯುವ ಎರಡು ಚಿಕ್ಕ ಚಿಮಟಗಳು. ಹೊಟ್ಟೆಯ ಕೆಳಗಡೆ ನೆಲವನ್ನು ಸವರಿ ನೋಡುವ, ಬಾಚಣಿಗೆಯಂತಹ ಒಂದು ಜೊತೆ ಅಂಗಗಳು. ಹಿಂದುಗಡೆ ಐದು ಗಿಣ್ಣುಗಳ ಬಾಲ, ಅದರ ತುದಿಯಲ್ಲಿ ವಿಷದ ಬುರುಡೆ ಮತ್ತು ಕೊಂಡಿ. ಕಣ್ಣುಗಳು ಹಲವು ಇದ್ದರೂ ದೃಷ್ಟಿಯು ಮಂದ. ಆ ಕೊರತೆಯನ್ನು ಸ್ಪರ್ಶವು ತುಂಬಿಕೊಡುತ್ತದೆ. ಇಕ್ಕುಳಗಳ ಮೇಲಿನ ಅತಿ ಸೂಕ್ಷ್ಮವಾದ ರೋಮಗಳು ಗಾಳಿಯ ಅಲುಗಾಟವನ್ನು ತಿಳಿಯುತ್ತವೆ. ಕಾಲುಗಳಲ್ಲಿರುವ ಸೂಕ್ಷ್ಮವಾದ ಸೀಳುಗಳು ನೆಲದ ನಡುಕವನ್ನು ತಿಳಿಯುತ್ತವೆ. ಕತ್ತಲೆಯಲ್ಲಿ ಬೇಟೆಯಾಡುವವನಿಗೆ ಇದಕ್ಕಿಂತ ಒಳ್ಳೆಯ ದೀಪವು ಬೇಡ.

ಚೇಳಿನ ತಾಯ್ತನವೂ ತಿಳಿಯತಕ್ಕದ್ದೇ. ಅದು ಮೊಟ್ಟೆಯನ್ನಿಡುವುದಿಲ್ಲ, ಮರಿಗಳನ್ನೇ ಹಡೆಯುತ್ತದೆ. ಬೆಳ್ಳಗಿನ ಮೆತ್ತಗಿನ ಆ ಮರಿಗಳು ತಾಯಿಯ ಬೆನ್ನನ್ನೇರಿ, ಮೊದಲನೆಯ ಪೊರೆಯನ್ನು ಕಳಚುವವರೆಗೂ ಅಲ್ಲಿಯೇ ಇರುತ್ತವೆ. ಮರಿಗಳು ತಾಯಿಯ ಬೆನ್ನನ್ನು ತಿಂದು ಹೊರಬರುತ್ತವೆ ಎಂದು ಹಳ್ಳಿಗಳಲ್ಲಿ ಹೇಳುವ ಮಾತು ನಿಜವಲ್ಲ. ಬೆನ್ನಿನ ಮೇಲೆ ಒತ್ತಾಗಿ ಕುಳಿತ ಮರಿಗಳನ್ನು ದೂರದಿಂದ ಕಂಡವರು ಹಾಗೆ ಭಾವಿಸಿರಬೇಕು.

೨. ಕೃಶಾಂಗಿಯಾದ ಬೇಟೆಗಾರ

ಈ ಜಾತಿಯ ಚೇಳನ್ನು ಶಾಸ್ತ್ರಲೋಕಕ್ಕೆ ಮೊದಲು ಪರಿಚಯ ಮಾಡಿಕೊಟ್ಟವರು ಜರ್ಮನಿಯ ಫರ್ಡಿನಾಂಡ್ ಕಾರ್ಷ್ ಎಂಬ ವಿದ್ವಾಂಸರು. ಅದು ೧೮೮೦ನೆಯ ಇಸವಿಯಲ್ಲಿ. ಐದು ವರ್ಷಗಳ ತರುವಾಯ, ೧೮೮೫ರಲ್ಲಿ, ಕೈಸರ್ಲಿಂಗ್ ಎಂಬವರು ಇದಕ್ಕೆ ಪ್ರತ್ಯೇಕವಾದ ಒಂದು ಕುಲವನ್ನು ಏರ್ಪಡಿಸಿದರು. ವೆಸ್ಕಸ್ ಎಂಬ ಲ್ಯಾಟಿನ್ ಶಬ್ದಕ್ಕೆ ಕೃಶವಾದ, ಸಣಕಲಾದ ಎಂಬರ್ಥವುಂಟು. ಹೆಸರು ಪ್ರಾಣಿಗೆ ಒಪ್ಪುತ್ತದೆ. ಬಾಲವನ್ನು ನೀಳವಾಗಿ ಚಾಚಿದರೂ ಇದರ ಉದ್ದ ಸುಮಾರು ಎರಡು ಅಂಗುಲ ಮಾತ್ರ. ಬಣ್ಣವು ಒಣ ಮಣ್ಣಿನಂತೆ ಹಳದಿ ಬೆರೆತ ಕಂದು.

ಇದರ ಅಂಗರಚನೆಯಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಇಕ್ಕುಳಗಳು ಕಡ್ಡಿಯಂತೆ ತೆಳ್ಳಗಿವೆ. ಬಾಲವು ದೇಹಕ್ಕೆ ಹೋಲಿಸಿದರೆ ಬಲವಾಗಿದೆ. ಬಾಲದ ಗಿಣ್ಣುಗಳ ಮೇಲೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಕುಳಿಗಳಿದ್ದು, ವಿಷದ ಬುರುಡೆಯು ಉಬ್ಬಿಕೊಂಡಿರುತ್ತದೆ. ಚೇಳುಗಳ ವಿಷಯದಲ್ಲಿ ಸಾಮಾನ್ಯವಾಗಿ ಹೇಳಬಹುದಾದ ಒಂದು ನಿಯಮವುಂಟು: ಇಕ್ಕುಳಗಳು ದಪ್ಪವಾಗಿದ್ದರೆ ಅದು ಇಕ್ಕುಳಗಳನ್ನು ನಂಬಿ ಬದುಕುವ ಚೇಳು, ಇಕ್ಕುಳಗಳು ಸಣ್ಣವಾಗಿದ್ದರೆ ಕೊಂಡಿಯನ್ನು ನಂಬಿ ಬದುಕುವ ಚೇಳು. ನಮ್ಮ ಮಲೆನಾಡಿನ ದೊಡ್ಡ ಕರಿಚೇಳು ನೋಟಕ್ಕೆ ಭಯಂಕರ. ಅದರ ವಿಷವು ಮನುಷ್ಯನ ಪ್ರಾಣಕ್ಕೆ ಎರವಾಗತಕ್ಕದ್ದಲ್ಲ. ನಮ್ಮ ಸಣ್ಣ ಕೆಂಪು ಚೇಳು ನೋಟಕ್ಕೆ ಅಲ್ಪ, ಅಪಾಯವಿರುವುದು ಅದರಲ್ಲಿಯೇ. ಗಾತ್ರವನ್ನು ನೋಡಿ ಬಲವನ್ನು ಎಣಿಸಬಾರದೆಂಬ ಮಾತಿಗೆ ಇದು ಪ್ರತ್ಯಕ್ಷ ಪ್ರಮಾಣ.

ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ವಾಸಿಸುವ ಬೇರೆ ಚೇಳುಗಳಲ್ಲಿ ಹಲವು ತಾವೇ ಬಿಲವನ್ನು ತೋಡಿಕೊಳ್ಳುತ್ತವೆ. ಅವುಗಳಲ್ಲಿ ಯೂರೊಡಾಕಸ್ ಎಂಬ ಕುಲದ ಒಂದು ಚೇಳು ಸುರುಳಿಯಾಕಾರದ ಬಿಲವನ್ನು ಮರಳಿನಲ್ಲಿ ಸುಮಾರು ಮೂರು ಅಡಿಗಳ ಆಳದವರೆಗೂ ಇಳಿಸುತ್ತದೆ. ಬೇಸಗೆಯ ಹಗಲಿನಲ್ಲಿ ಮೇಲಿನ ಮಣ್ಣು ಕಾದ ಹೆಂಚಿನಂತಿರುವಾಗ ಆಳದಲ್ಲಿ ತಂಪೂ ತೇವವೂ ಉಳಿದಿರುತ್ತವೆ. ಆ ಚೇಳು ಬಿಲದ ಬಾಯಲ್ಲಿ ಕಾದಿದ್ದು, ಹಾದುಹೋಗುವ ಹುಳುವನ್ನು ಹಿಡಿದು ತಿನ್ನುತ್ತದೆ. ನಮ್ಮ ಕಿರುಚೇಳು ಹೀಗಲ್ಲ. ಅದಕ್ಕೆ ತೋಡುವ ಸಾಧನವಿಲ್ಲ, ಕಾಯುವ ಬಿಲವೂ ಇಲ್ಲ. ಅದು ಅಲೆಮಾರಿ. ರಾತ್ರಿಯಾದೊಡನೆ ನೆಲವನ್ನು ಅರಸುತ್ತಾ ನಡೆದು, ಜೇಡದ ಬಿಲವು ಸಿಕ್ಕಿದರೆ ಒಳಕ್ಕೆ ಇಳಿಯುತ್ತದೆ.

೩. ಜೇಡದ ಕೋಟೆ

ಈ ಬೇಟೆಯು ಎಷ್ಟು ಕಷ್ಟವಾದದ್ದೆಂದು ತಿಳಿಯಬೇಕಾದರೆ ಜೇಡದ ಮನೆಯನ್ನು ಸ್ವಲ್ಪ ನೋಡಬೇಕು. ಜೇಡವೆಂದರೆ ಮನೆಯ ಮೂಲೆಯಲ್ಲಿ ಬಲೆ ನೇಯುವ ಪ್ರಾಣಿ ಎಂದೇ ನಾವು ತಿಳಿದಿರುತ್ತೇವೆ. ಎಲ್ಲಾ ಜೇಡಗಳೂ ಬಲೆ ಕಟ್ಟುವುದಿಲ್ಲ. ತೋಳಜೇಡವೆಂಬ ಪಂಗಡದಲ್ಲಿ ಅನೇಕ ಜಾತಿಗಳು ನೆಲದಲ್ಲಿ ಬಾವಿಯಂತೆ ನೆಟ್ಟಗಿನ ಬಿಲವನ್ನು ತೋಡಿ, ಗೋಡೆಗೆ ರೇಷ್ಮೆಯನ್ನು ಬಳಿದು, ಬಾಯನ್ನು ತೆರೆದೇ ಇಟ್ಟು ವಾಸಿಸುತ್ತವೆ. ಇನ್ನೊಂದು ಪಂಗಡವು ಬಿಲಕ್ಕೆ ಬಾಗಿಲನ್ನೇ ಹೂಡುತ್ತದೆ. ಅದನ್ನು ಕದದ ಜೇಡವೆಂದು ಕರೆಯೋಣ.

ಕದದ ಜೇಡದ ಹೆಣ್ಣು ಮರಿಯಾಗಿರುವಾಗಲೇ ಒಂದು ಸಣ್ಣ ಬಿಲವನ್ನು ತೋಡುತ್ತದೆ. ತಾನು ಬೆಳೆದಂತೆಲ್ಲಾ ಅದನ್ನೇ ಅಗಲಿಸುತ್ತಾ, ಆಳ ಮಾಡುತ್ತಾ, ತನ್ನ ಇಡೀ ಆಯುಷ್ಯವನ್ನು ಆ ಒಂದೇ ಬಿಲದಲ್ಲಿ ಕಳೆಯುತ್ತದೆ. ರೇಷ್ಮೆಯನ್ನೂ ಮಣ್ಣನ್ನೂ ಸೇರಿಸಿ ವೃತ್ತಾಕಾರವಾದ ಕದವನ್ನು ಮಾಡಿ, ಒಂದು ಪಕ್ಕದಲ್ಲಿ ರೇಷ್ಮೆಯ ಕೀಲಿನಿಂದ ಬಿಲದ ಅಂಚಿಗೆ ಬಿಗಿಯುತ್ತದೆ. ಕದದ ಮೇಲೆ ಒಣ ಎಲೆ, ಮಣ್ಣು ಅಂಟಿಕೊಂಡಿರುವುದರಿಂದ ಅದನ್ನು ಅರಿಯದವರು ಅದರ ಮೇಲೆಯೇ ನಡೆದು ಹೋದರೂ ಕಾಣರು. ಪಶ್ಚಿಮ ಆಸ್ಟ್ರೇಲಿಯಾದ ಗೇಯಸ್ ವಿಲ್ಲೋಸಸ್ ಎಂಬ ಜೇಡವು ಬಿಲದ ಬಾಯ ಸುತ್ತಲೂ ಸಣ್ಣ ಕಡ್ಡಿಗಳನ್ನು ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಒಳಗೆ ಕುಳಿತ ಜೇಡವು ಅಂಚಿನ ಮೇಲೆ ಕಾಲುಗಳನ್ನಿಟ್ಟಿರುತ್ತದೆ. ಹಾದುಹೋಗುವ ಇರುವೆಯೋ ಜೀರುಂಡೆಯೋ ಕಡ್ಡಿಯನ್ನು ತಾಕಿದರೆ, ಆ ಅಲುಗಾಟವು ಕೂಡಲೇ ಒಳಕ್ಕೆ ಮುಟ್ಟುತ್ತದೆ. ಕದವು ತೆರೆಯುತ್ತದೆ, ಬೇಟೆಯು ಮಾಯವಾಗುತ್ತದೆ, ಕದವು ಮುಚ್ಚಿಕೊಳ್ಳುತ್ತದೆ.

ಬಾಗಿಲೊಂದೇ ಸಾಲದು ಎಂಬಂತೆ ಕೆಲವು ಜೇಡಗಳು ಎರಡನೆಯ ಕಾವಲನ್ನೂ ಏರ್ಪಡಿಸಿಕೊಂಡಿವೆ. ಮೇಲೆ ಹೇಳಿದ ಜೇಡದ ಬಿಲದ ನಡುಭಾಗದಲ್ಲಿ ರೇಷ್ಮೆಯ ಒಳಪದರವು ಕಾಲುಚೀಲದಂತೆ ಸಡಿಲವಾಗಿರುತ್ತದೆ. ಅದರ ಹಿಂದೆ ತಿಂದುಳಿದ ಕಸವನ್ನು ಒತ್ತಿ ಇಟ್ಟಿರುತ್ತದೆ. ಶತ್ರುವು ಕದವನ್ನು ದಾಟಿ ಬಂದರೆ ಜೇಡವು ಕೆಳಗಿನಿಂದ ಆ ಚೀಲವನ್ನು ಎಳೆದುಕೊಳ್ಳುತ್ತದೆ. ಚೀಲವು ಕುಸಿದು, ಕಸವು ಮೇಲೆ ಬಿದ್ದು, ಬಿಲವು ಅಲ್ಲಿಗೇ ಮುಗಿಯಿತೆಂಬಂತೆ ತೋರುತ್ತದೆ. ಐಡಿಯೊಸೋಮ ನೈಗ್ರಮ್ ಎಂಬ ಇನ್ನೊಂದು ಜೇಡಕ್ಕೆ ಹಿಂಭಾಗವು ಗುರಾಣಿಯಂತೆ ಗಟ್ಟಿಯಾಗಿ, ಸುಕ್ಕುಸುಕ್ಕಾಗಿದೆ. ಅದು ಬಿಲದ ಇಕ್ಕಟ್ಟಿನಲ್ಲಿ ತಲೆಯನ್ನು ಕೆಳಗೆ ಮಾಡಿ ತನ್ನ ಹಿಂಭಾಗವನ್ನೇ ಬಿರಡೆಯಂತೆ ಸಿಕ್ಕಿಸಿಕೊಂಡು ದಾರಿಯನ್ನು ಅಡ್ಡಗಟ್ಟುತ್ತದೆ.

ಇಷ್ಟೆಲ್ಲಾ ಏರ್ಪಾಡು ಯಾರಿಗಾಗಿ? ಕಣಜಗಳು, ಶತಪದಿಗಳು ಮೊದಲಾದ ಶತ್ರುಗಳು ಅನೇಕ. ಆ ಶತ್ರುಗಳ ಸಾಲಿನಲ್ಲಿ ಎರಡು ಅಂಗುಲದ ಈ ಚೇಳೂ ನಿಂತಿದೆ. ಕೋಟೆಯು ಎಷ್ಟು ಭದ್ರವೆಂಬುದನ್ನು ನೋಡಿದರೆ ಮುತ್ತಿಗೆ ಹಾಕುವವನು ಎಷ್ಟು ಗಟ್ಟಿಗನೆಂಬುದು ತಿಳಿಯುತ್ತದೆ.

೪. ಬೇಟೆಯ ರೀತಿ

ಬಿಲದೊಳಗೆ ಇಳಿದ ಚೇಳಿನ ಮುಂದೆ ಇರುವ ಜೇಡವು ಅಲ್ಪ ಪ್ರಾಣಿಯಲ್ಲ. ಅದಕ್ಕೂ ವಿಷವುಂಟು, ಬಲವಾದ ಕೋರೆಗಳುಂಟು. ತೂಕದಲ್ಲಿ ಅದು ಚೇಳನ್ನು ಮೀರಿಸುವುದೂ ಉಂಟು. ಜಾಗವೋ ಇಕ್ಕಟ್ಟು, ಹಿಂದಕ್ಕೆ ಸರಿಯಲು, ಪಕ್ಕಕ್ಕೆ ತಿರುಗಲು ಎಡೆಯಿಲ್ಲ. ಇಂಥ ಸ್ಥಳದಲ್ಲಿ ದೊಡ್ಡ ಇಕ್ಕುಳಗಳು ಪ್ರಯೋಜನಕ್ಕೆ ಬಾರವು. ಅವುಗಳ ಹೊರೆಯೇ ಅಡ್ಡಿಯಾದೀತು. ಸಣಕಲು ದೇಹ, ಸಣ್ಣ ಇಕ್ಕುಳ, ಬಲವಾದ ಬಾಲ ಈ ಮೂರೂ ಸೇರಿದ ರಚನೆಯು ಇಂಥ ಕಾಳಗಕ್ಕೆ ತಕ್ಕದ್ದಾಗಿದೆ. ಮೊದಲು ಬಿದ್ದ ಕೊಂಡಿಯ ಏಟೇ ಜಯಾಪಜಯಗಳನ್ನು ನಿರ್ಣಯಿಸುತ್ತದೆ.

ಜೇಡವು ಸ್ತಬ್ಧವಾದ ಮೇಲೆ ಊಟವು ಅವಸರವಿಲ್ಲದೆ ನಡೆಯುತ್ತದೆ. ಚೇಳು ಗಟ್ಟಿಯಾದ ತುತ್ತನ್ನು ನುಂಗಲಾರದು. ಬಾಯ ಬಳಿಯ ಚಿಮಟಗಳಿಂದ ಮಾಂಸವನ್ನು ಹರಿದು, ಅದರ ಮೇಲೆ ಜೀರ್ಣರಸವನ್ನು ಸುರಿದು, ಹೊರಗಡೆಯೇ ಕರಗಿಸಿ, ದ್ರವವಾದ ಮೇಲೆ ಹೀರಿಕೊಳ್ಳುತ್ತದೆ. ಒಂದು ದೊಡ್ಡ ಊಟವು ಬಹು ಕಾಲಕ್ಕೆ ಸಾಕು. ಚೇಳಿನ ಶರೀರದ ವೆಚ್ಚವು ಅತ್ಯಲ್ಪವಾದ್ದರಿಂದ ಅನೇಕ ಜಾತಿಯ ಚೇಳುಗಳು ತಿಂಗಳುಗಟ್ಟಲೆ ಉಪವಾಸವಿರಬಲ್ಲವು. ಬೇಟೆಯು ಅಪರೂಪವಾದ ಮರುಭೂಮಿಯಲ್ಲಿ ಈ ಮಿತವ್ಯಯವೇ ಅದರ ಐಶ್ವರ್ಯ.

ಊಟವಾದ ತರುವಾಯ ಮನೆಯೂ ಚೇಳಿನದಾಗುತ್ತದೆ. ಬಿಸಿಲಿನ ಹೊತ್ತು ಆ ತಂಪಾದ, ರೇಷ್ಮೆ ಬಳಿದ ಬಿಲದಲ್ಲಿ ಅದು ಸುಖವಾಗಿ ವಿಶ್ರಮಿಸುತ್ತದೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿತೆಂಬ ನಮ್ಮ ಗಾದೆಯು ಸಾವಿರಾರು ಮೈಲಿಗಳಾಚೆಯ ಮರಳಿನಲ್ಲಿಯೂ ಅಕ್ಷರಶಃ ಸತ್ಯವಾಗಿದೆ. ಒಂದು ವ್ಯತ್ಯಾಸ ಮಾತ್ರ: ಹಾವು ಗೆದ್ದಲನ್ನು ತಿನ್ನುವುದಿಲ್ಲ, ಈ ಚೇಳು ಮನೆಯನ್ನೂ ಮನೆಯೊಡತಿಯನ್ನೂ ಒಟ್ಟಿಗೆ ವಶಪಡಿಸಿಕೊಳ್ಳುತ್ತದೆ.

ಇದು ಕ್ರೂರವೆಂದು ನಮ್ಮ ಮನಸ್ಸಿಗೆ ತೋರಬಹುದು. ಆದರೆ ಆ ಜೇಡವೂ ಅದೇ ರಾತ್ರಿ ಕದವನ್ನೆತ್ತಿ ಒಂದು ಜೀರುಂಡೆಯನ್ನು ಎಳೆದುಕೊಂಡಿದ್ದೀತು. ಆ ಚೇಳನ್ನು ನಾಳೆ ಗೂಬೆಯೋ ಹಲ್ಲಿಯೋ ತಿಂದೀತು. ಮನುಷ್ಯರಲ್ಲಿ ಪಾಪಪುಣ್ಯಗಳನ್ನು ಎಣಿಸುವ ತಕ್ಕಡಿಯಿಂದ ಮೂಕಪ್ರಾಣಿಗಳನ್ನು ತೂಗುವುದು ಸಲ್ಲದು. ಪ್ರತಿಯೊಂದಕ್ಕೂ ಸಕಾಲದಲ್ಲಿ ಆಹಾರವನ್ನು ಒದಗಿಸುವ ಏರ್ಪಾಡು ನಮ್ಮ ಅಳತೆಗಿಂತ ದೊಡ್ಡದು.

೫. ನೆಲದ ಮೇಲೆ ಕುಳಿತು ಕಲಿತ ವಿದುಷಿ

ಈ ಚೇಳಿನ ಬಾಳುವೆಯನ್ನು ಕುರಿತು ನಮಗೆ ತಿಳಿದಿರುವುದರಲ್ಲಿ ಬಹುಭಾಗವು ಒಬ್ಬ ಸ್ತ್ರೀಯ ಪರಿಶ್ರಮದ ಫಲವಾಗಿದೆ. ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಆ ಮಹನೀಯರ ಹೆಸರನ್ನು ವಿಶೇಷವಾಗಿ ಹೇಳಬೇಕು. ಬಾರ್ಬರಾ ಯಾರ್ಕ್ ಮೈನ್ ಎಂಬವರು ೧೯೨೯ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಬೆಳೆಯುವ ಸೀಮೆಯಲ್ಲಿ ಹುಟ್ಟಿ, ಟ್ಯಾಮಿನ್ ಎಂಬ ಊರಿನ ಸಮೀಪದ ಹೊಲಮನೆಯಲ್ಲಿ ಬೆಳೆದವರು. ಬಾಲ್ಯದಲ್ಲಿ ಸುತ್ತಲಿನ ಕುರುಚಲು ಕಾಡಿನ ಪ್ರಾಣಿಗಳೇ ಅವರ ನೆರೆಹೊರೆ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರವನ್ನು ಓದಿ ಡಾಕ್ಟರ್ ಪದವಿಯನ್ನು ಪಡೆದರು. ಈ ಚೇಳಿನ ಕುಲದ ವರ್ಗೀಕರಣವನ್ನೂ ಜೀವನಕ್ರಮವನ್ನೂ ಕುರಿತ ಅವರ ಲೇಖನವು ೧೯೫೬ರಲ್ಲಿ ಆಸ್ಟ್ರೇಲಿಯಾದ ಪ್ರಾಣಿಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷವೇ ಕದದ ಜೇಡಗಳ ಜೀವನವನ್ನು ಕುರಿತ ಅವರ ವಿಸ್ತಾರವಾದ ಅಧ್ಯಯನವೂ ಹೊರಬಂತು.

೧೯೭೪ರಲ್ಲಿ ಅವರು ಉತ್ತರ ಬಂಗಲ್ಲ ಎಂಬ ಚಿಕ್ಕ ರಕ್ಷಿತ ವನದಲ್ಲಿ ಗೇಯಸ್ ಜೇಡಗಳ ಬಿಲಗಳನ್ನು ಗುರುತಿಸಿ, ಒಂದೊಂದರ ಪಕ್ಕದಲ್ಲಿಯೂ ಅಂಕಿಯುಳ್ಳ ಗೂಟವನ್ನು ನೆಟ್ಟು, ವರ್ಷವರ್ಷವೂ ಹೋಗಿ ನೋಡತೊಡಗಿದರು. ಯಾವ ಬಿಲದಲ್ಲಿ ಜೇಡವು ಬದುಕಿದೆ, ಯಾವುದರಲ್ಲಿ ಸತ್ತಿದೆ, ಕದವು ಎಷ್ಟು ಅಗಲವಾಗಿದೆ ಎಂಬುದನ್ನು ಬರೆದಿಟ್ಟರು. ಆ ಗೂಟಗಳಲ್ಲಿ ೧೬ ಎಂಬ ಅಂಕಿಯ ಬಿಲದಲ್ಲಿದ್ದ ಹೆಣ್ಣು ಜೇಡವು ವರ್ಷಗಳುರುಳಿದರೂ ತನ್ನ ಬಿಲದಲ್ಲಿಯೇ ಇತ್ತು. ಒಡಹುಟ್ಟಿದವು ಸತ್ತವು, ಮರಿಗಳು ಬೆಳೆದು ಬೇರೆ ಬಿಲಗಳನ್ನು ಮಾಡಿಕೊಂಡವು, ೧೬ನೆಯದು ಮಾತ್ರ ಉಳಿಯಿತು. ಬಾರ್ಬರಾ ಮೈನ್ ಅವರಿಗೆ ವಯಸ್ಸಾದ ಮೇಲೆ ಲಿಯಾಂಡ ಮೇಸನ್ ಎಂಬ ಕಿರಿಯ ಸಂಶೋಧಕಿಯು ಆ ಬಿಲಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಕೈಗೂಡಿಸಿದರು. ೨೦೧೬ನೆಯ ಇಸವಿಯ ಅಕ್ಟೋಬರ್ ೩೧ರಂದು ಅವರು ಅಲ್ಲಿಗೆ ಹೋದಾಗ ಬಿಲದ ಕದದಲ್ಲಿ ಒಂದು ಸಣ್ಣ ತೂತು ಕಾಣಿಸಿತು. ಪರಾವಲಂಬಿಯಾದ ಒಂದು ಕಣಜವು ಒಳಹೊಕ್ಕಿತ್ತು, ಜೇಡವು ಇರಲಿಲ್ಲ. ಆಗ ಅದರ ವಯಸ್ಸು ೪೩ ವರ್ಷಗಳು. ಮುಪ್ಪಿನಿಂದಲ್ಲ, ಶತ್ರುವಿನಿಂದ ಅದು ಮಡಿಯಿತು. ಅದುವರೆಗೆ ಲೋಕದಲ್ಲಿ ದಾಖಲೆಯಾಗಿದ್ದ ಜೇಡಗಳಲ್ಲಿ ಅತಿ ದೀರ್ಘಾಯುವಾದದ್ದು ೨೮ ವರ್ಷ ಬದುಕಿದ್ದ ಮೆಕ್ಸಿಕೋ ದೇಶದ ಜೇಡ. ೨೦೧೮ರಲ್ಲಿ ಈ ವೃತ್ತಾಂತವು ಪ್ರಕಟವಾದಾಗ ಲೋಕದ ಪತ್ರಿಕೆಗಳೆಲ್ಲಾ ಅದನ್ನು ಬರೆದವು. ಬಾರ್ಬರಾ ಮೈನ್ ಅವರು ೨೦೧೯ರ ಮೇ ತಿಂಗಳಲ್ಲಿ ತೀರಿಕೊಂಡರು.

ಒಂದು ಜೇಡದ ಬಾಗಿಲ ಮುಂದೆ ನಾಲ್ವತ್ತು ವರ್ಷಗಳಿಗೂ ಮೀರಿ ಹೋಗಿ ಬರುವುದೆಂದರೆ ಸಾಮಾನ್ಯವಾದ ತಾಳ್ಮೆಯಲ್ಲ. ಈ ಕೆಲಸಕ್ಕೆ ಬೇಕಾದ ಉಪಕರಣಗಳಾದರೋ ಗೂಟ, ಪುಸ್ತಕ, ಸೀಸದಕಡ್ಡಿ, ನೋಡುವ ಕಣ್ಣು, ಇಷ್ಟೇ. ಕಾಲೇಜಿಗೆ ಹೋಗದೆ ಸಂಸಾರದಲ್ಲಿ ನಿಂತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಇವು ದುರ್ಲಭವಾದ ವಸ್ತುಗಳಲ್ಲ.

೬. ಒಂದೇ ಅನ್ನವನ್ನು ನಂಬಿದುದರ ಪಾಡು

ಸಿಕ್ಕಿದ್ದನ್ನೆಲ್ಲಾ ತಿನ್ನುವ ಪ್ರಾಣಿಗೆ ಒಂದು ಬಗೆಯ ಆಹಾರವು ತಪ್ಪಿದರೆ ಮತ್ತೊಂದುಂಟು. ಒಂದನ್ನೇ ನಂಬಿದ ಪ್ರಾಣಿಗೆ ಬೇರೆ ಗತಿಯಿಲ್ಲ. ಆ ಒಂದು ಆಹಾರವನ್ನು ಹಿಡಿಯುವುದರಲ್ಲಿ ಅದು ಎಲ್ಲರಿಗಿಂತ ನಿಪುಣವಾಗಿದ್ದರೂ, ಅದರ ನಿಪುಣತೆಯೇ ಅದರ ಬಂಧನ. ಬಿಲದ ಜೇಡಗಳು ಇರುವವರೆಗೆ ಈ ಚೇಳು ಇರುತ್ತದೆ. ಅವು ಇಲ್ಲವಾದ ಸ್ಥಳದಲ್ಲಿ ಇದೂ ಇಲ್ಲವಾಗುತ್ತದೆ.

ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಈ ಪ್ರಶ್ನೆಯು ಬರಿಯ ತರ್ಕವಲ್ಲ. ಅಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕಾಡನ್ನು ಕಡಿದು ಹೊಲ ಮಾಡುವ ಕಾರ್ಯವು ಬಹು ವೇಗವಾಗಿ ನಡೆಯಿತು. ಅನೇಕ ಭಾಗಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಕಾಡು ಹೋಯಿತು. ಆಳವಾದ ಬೇರುಗಳುಳ್ಳ ಗಿಡಮರಗಳು ಹೋದ ಮೇಲೆ ಮಳೆಯ ನೀರನ್ನು ಹೀರುವವರು ಇಲ್ಲದೆ ನೆಲದೊಳಗಿನ ನೀರಿನ ಮಟ್ಟವು ಏರಿ, ಯುಗಯುಗಗಳಿಂದ ಕೆಳಗೆ ಅಡಗಿದ್ದ ಉಪ್ಪು ಮೇಲಕ್ಕೆ ಬಂತು. ಕಾಡೂ ಹೋಗಿ, ಎಷ್ಟೋ ಹೊಲಗಳೂ ಸೌಳು ನೆಲವಾದವು. ನಡುನಡುವೆ ಉಳಿದಿರುವ ಚಿಕ್ಕ ಚಿಕ್ಕ ಕಾಡಿನ ತುಂಡುಗಳಲ್ಲಿ ಕದದ ಜೇಡಗಳು ವಾಸಿಸುತ್ತವೆ. ಅವುಗಳ ಮರಿಗಳು ತಾಯಿಯ ಬಿಲದಿಂದ ಸ್ವಲ್ಪ ದೂರ ನಡೆದು ಹೋಗಿ ನೆಲೆಸುವವೇ ಹೊರತು, ಉತ್ತ ಹೊಲಗಳನ್ನು ದಾಟಿ ಬೇರೊಂದು ಕಾಡನ್ನು ಸೇರಲಾರವು. ಗುರಾಣಿಯಂತಹ ಹಿಂಭಾಗವುಳ್ಳ ಜೇಡವನ್ನು ಹೆಸರಿಸಿದೆವಷ್ಟೆ. ಅದು ಈಗ ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಶತ್ರುವಿನ ಕೊಂಡಿಗೆ ಎದುರಾಗಿ ನಿಲ್ಲಲು ಅದಕ್ಕೆ ಗುರಾಣಿಯುಂಟು; ನೇಗಿಲಿಗೆ ಎದುರಾಗಿ ಯಾವ ಗುರಾಣಿಯೂ ಇಲ್ಲ.

ಚೇಳು ಜೇಡವನ್ನು ತಿಂದದ್ದರಿಂದ ಜೇಡದ ವಂಶವು ನಿಂತುಹೋಗಲಿಲ್ಲ. ಎರಡೂ ಬಹು ಕಾಲದಿಂದ ಕೂಡಿ ಬಾಳಿವೆ. ಬೇಟೆಗಾರನಿಂದ ಬೇಟೆಗೆ ಬಂದ ಹಾನಿಗಿಂತ ನೆಲೆಯು ಹೋದದ್ದರಿಂದ ಇಬ್ಬರಿಗೂ ಬಂದ ಹಾನಿಯು ದೊಡ್ಡದು. ಈ ಮಾತನ್ನು ನಮ್ಮ ಊರಿನ ಗೋಮಾಳ, ಗುಂಡುತೋಪು, ಕೆರೆಯಂಗಳಗಳ ವಿಷಯದಲ್ಲಿಯೂ ಯೋಚಿಸಿ ನೋಡತಕ್ಕದ್ದು.

೭. ನಮ್ಮ ಮನೆಯ ಚೇಳು

ದೂರದೇಶದ ಚೇಳನ್ನು ಕುರಿತು ಇಷ್ಟು ಹೇಳಿ, ಮನೆಯ ಚೇಳನ್ನು ಮರೆತರೆ ಪೋಷಕರು ಒಪ್ಪಲಾರರು. ಆಸ್ಟ್ರೇಲಿಯಾದ ಕಿರುಚೇಳೂ ನಮ್ಮ ಕೆಂಪು ಚೇಳೂ ಬ್ಯೂಥಿಡೀ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮುಂತಾದ ಪ್ರಾಂತ್ಯಗಳಲ್ಲಿ ಕೆಂಪು ಚೇಳಿನ ಕಡಿತದಿಂದ ಎಷ್ಟೋ ಮಕ್ಕಳು ಪ್ರಾಣ ಬಿಟ್ಟಿದ್ದಾರೆ. ಅದರ ವಿಷವು ಹೃದಯವನ್ನೂ ರಕ್ತನಾಳಗಳನ್ನೂ ಕೆರಳಿಸಿ, ಶ್ವಾಸಕೋಶದಲ್ಲಿ ನೀರು ತುಂಬುವಂತೆ ಮಾಡುವುದೇ ಇದಕ್ಕೆ ಕಾರಣ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ ಎಂಬ ಊರಿನಲ್ಲಿ ವೈದ್ಯರಾದ ಹಿಮ್ಮತರಾವ್ ಬಾವಸ್ಕರ್ ಅವರು, ತಮ್ಮ ಪತ್ನಿಯಾದ ವೈದ್ಯೆ ಪ್ರಮೋದಿನಿ ಬಾವಸ್ಕರ್ ಅವರೊಡನೆ ಸೇರಿ, ಹಳ್ಳಿಯ ರೋಗಿಗಳ ಹಾಸಿಗೆಯ ಪಕ್ಕದಲ್ಲಿಯೇ ಕುಳಿತು ಈ ವಿಷಯವನ್ನು ಪರಿಶೋಧಿಸಿದರು. ೧೯೮೨ರಲ್ಲಿ ಅವರ ಮೊದಲ ವರದಿಯು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಔಷಧವು ಈ ವಿಷಕ್ಕೆ ಎದುರಾಗಿ ಕೆಲಸ ಮಾಡುವುದೆಂದು ಅವರು ತೋರಿಸಿಕೊಟ್ಟ ಮೇಲೆ ಮರಣಗಳ ಸಂಖ್ಯೆಯು ಬಹಳವಾಗಿ ಇಳಿಯಿತು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಲಭಿಸಿತು.

ತಾಯಂದಿರು ನೆನಪಿನಲ್ಲಿಡತಕ್ಕ ಮಾತುಗಳು ಇವು. ಚೇಳು ಕಡಿದರೆ ಗಾಯವನ್ನು ಕುಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು, ಮಂತ್ರಯಂತ್ರಗಳಿಗಾಗಿ ಹೊತ್ತು ಕಳೆಯಬಾರದು. ಸಾಬೂನಿನಿಂದ ತೊಳೆದು ತಣ್ಣೀರಿನ ಬಟ್ಟೆಯನ್ನಿಟ್ಟು, ಕಡಿತಕ್ಕೊಳಗಾದವರನ್ನು ಸಮಾಧಾನದಿಂದಿಟ್ಟು, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಗುವಿಗೆ ಮೈಯೆಲ್ಲಾ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು, ಮೇಲುಸಿರು ಇವು ಕಾಣಿಸಿದರೆ ಒಂದು ಕ್ಷಣವೂ ತಡಮಾಡಕೂಡದು. ಔಷಧವನ್ನು ವೈದ್ಯರೇ ಕೊಡಬೇಕು. ಮುನ್ನೆಚ್ಚರಿಕೆಯಾದರೋ ಸುಲಭ: ಸೌದೆ, ಇಟ್ಟಿಗೆ, ಹಳೆಯ ಗೋಣಿಗಳನ್ನು ಗೋಡೆಗೆ ಒತ್ತಿ ರಾಶಿ ಹಾಕದಿರುವುದು, ಹಾಸಿಗೆಯನ್ನೂ ಮೆಟ್ಟನ್ನೂ ಒದರಿ ಉಪಯೋಗಿಸುವುದು, ಕತ್ತಲೆಯಲ್ಲಿ ಬರಿಗಾಲಿನಿಂದ ನಡೆಯದಿರುವುದು.

೮. ಮಕ್ಕಳೊಡನೆ ನೋಡತಕ್ಕವು

ಈ ಪಾಠವನ್ನು ಪುಸ್ತಕದಲ್ಲಿಯೇ ಬಿಡದೆ ಅಂಗಳಕ್ಕೆ ಒಯ್ಯುವುದಾದರೆ, ಮಕ್ಕಳೊಡನೆ ಮಾಡಬಹುದಾದ ಕೆಲವು ಅವಲೋಕನಗಳನ್ನು ಸೂಚಿಸುತ್ತೇವೆ.

(ಅ) ಮಳೆಗಾಲವು ಕಳೆದ ಮೇಲೆ ಹೊಲದ ಬದುವಿನಲ್ಲಿ ಬೆರಳು ಹಿಡಿಸುವಷ್ಟು ಅಗಲದ, ಅಂಚಿನಲ್ಲಿ ರೇಷ್ಮೆಯುಳ್ಳ ಬಿಲಗಳನ್ನು ಹುಡುಕಿರಿ. ಕೈಯನ್ನಾಗಲಿ ಕಡ್ಡಿಯನ್ನಾಗಲಿ ಒಳಗೆ ಹಾಕಬಾರದು. ಬಿಲದ ಪಕ್ಕದಲ್ಲಿ ಅಂಕಿಯುಳ್ಳ ಒಂದು ಕಡ್ಡಿಯನ್ನು ನೆಟ್ಟು, ವಾರಕ್ಕೊಮ್ಮೆ ನೋಡಿ, ಕಂಡದ್ದನ್ನು ತೇದಿಯೊಡನೆ ಬರೆದಿಡಿರಿ.

(ಆ) ರಾತ್ರಿ ಕೈದೀಪವನ್ನು ಹಣೆಯ ಮಟ್ಟದಲ್ಲಿ ಹಿಡಿದು ಹುಲ್ಲಿನ ಮೇಲೆ ಬೆಳಕು ಬಿಡಿರಿ. ಇಬ್ಬನಿಯಂತೆ ಮಿನುಗುವ ಸಣ್ಣ ಚುಕ್ಕಿಗಳು ಕಂಡರೆ, ಅವು ತೋಳಜೇಡದ ಕಣ್ಣುಗಳಾಗಿರಬಹುದು. ಹಿರಿಯರು ಜೊತೆಗಿರಬೇಕು, ಕಾಲಿಗೆ ಮೆಟ್ಟಿರಬೇಕು.

(ಇ) ನೇರಳೆಯಾಚೆಯ ಕಿರಣಗಳನ್ನು ಬಿಡುವ ದೀಪವು ದೊರೆತರೆ, ಅದರ ಬೆಳಕಿನಲ್ಲಿ ಚೇಳಿನ ಮೈಯು ಹಸುರುನೀಲಿಯಾಗಿ ಹೊಳೆಯುವುದನ್ನು ದೂರದಿಂದ ನೋಡಬಹುದು. ಶಾಸ್ತ್ರಜ್ಞರು ರಾತ್ರಿಯಲ್ಲಿ ಚೇಳುಗಳನ್ನು ಎಣಿಸುವುದು ಈ ಉಪಾಯದಿಂದಲೇ.

(ಈ) ನಿಮ್ಮ ಮನೆಯಲ್ಲಿ ಯಾವ ಜೇಡವು ಬಲೆ ಕಟ್ಟುತ್ತದೆ, ಯಾವುದು ಕಟ್ಟದೆ ಬೇಟೆಯಾಡುತ್ತದೆ ಎಂಬುದರ ಪಟ್ಟಿಯನ್ನು ಮಾಡಿರಿ.

ಮನೆಯೊಳಗೆ ಬಂದ ಚೇಳನ್ನು ಕೊಲ್ಲಬೇಡಿರೆಂದು ನಾವು ಹೇಳುವುದಿಲ್ಲ. ತೊಟ್ಟಿಲಿರುವ ಮನೆಯಲ್ಲಿ ತಾಯಿಯ ಕರ್ತವ್ಯವೇ ಮೊದಲನೆಯದು. ಆದರೆ ಬಯಲಿನಲ್ಲಿ, ಬದುವಿನಲ್ಲಿ, ತನ್ನ ನೆಲೆಯಲ್ಲಿರುವ ಪ್ರಾಣಿಯನ್ನು ಅಸಹ್ಯದಿಂದ ಮೆಟ್ಟುವ ಮುನ್ನ ಒಂದು ನಿಮಿಷ ನಿಂತು ನೋಡುವ ಅಭ್ಯಾಸವನ್ನು ನಮ್ಮ ಹೆಣ್ಣುಮಕ್ಕಳು ಬೆಳೆಸಿಕೊಳ್ಳಲಿ. ಯಾರೂ ಮೆಚ್ಚದ, ಎಲ್ಲರೂ ಅಂಜುವ ಎರಡು ಅಂಗುಲದ ಪ್ರಾಣಿಗೂ ಸೃಷ್ಟಿಯಲ್ಲಿ ಒಂದು ಮನೆಯೂ ಒಂದು ಅನ್ನವೂ ನೇಮಕವಾಗಿವೆ. ಅದನ್ನು ಅರಿತ ಮನಸ್ಸು ನೆರೆಯವರ ವಿಷಯದಲ್ಲಿಯೂ ಸ್ವಲ್ಪ ವಿಶಾಲವಾಗುವುದರಲ್ಲಿ ಸಂದೇಹವಿಲ್ಲ.